ಪ್ರೋಗ್ರಾಂ ಕೇಳಿದರೆ ಆಪರೇಟಿಂಗ್ ಸಿಸ್ಟಮ್ ಏನು ಹೇಳುತ್ತದೆ?

ತಾನು ಯಾವ ಆಪರೇಟಿಂಗ್ ಸಿಸ್ಟಮ್ ಮೇಲೆ, ಅದರ ಯಾವ ಆವೃತ್ತಿಯ ಮೇಲೆ, ಎಂಥ ಪ್ರೊಸೆಸರ್ ಮೇಲೆ ಕೆಲಸ ಮಾಡುತ್ತಿದೆ ಎಂಬುದನ್ನು ಪ್ರೋಗ್ರಾಂ ಒಂದು ಓಡುತ್ತಿರುವಾಗಲೇ ತಿಳಿದುಕೊಳ್ಳಬಲ್ಲದು. ಬಳಕೆದಾರರ ಕಣ್ಣಿಗೆ ಇದು ಬೀಳುವುದು ಕಡಿಮೆ. 'ಈ ತಂತ್ರಾಂಶಕ್ಕೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು' ಎಂಬ ಪೆಟ್ಟಿಗೆ ತೆರೆಯ ಮೇಲೆ ಬಂದಾಗಲೋ, ಮೊಬೈಲ್ ಆ್ಯಪ್ 'ನಿಮ್ಮ ಫೋನಿಗೆ ಹೊಂದುವುದಿಲ್ಲ' ಎಂದಾಗಲೋ ಮಾತ್ರ ಒಳಗೆ ಇಂಥದೊಂದು ವಿಚಾರಣೆ ನಡೆದಿದೆ ಎಂದು ಗೊತ್ತಾಗುತ್ತದೆ. 32 ಬಿಟ್‌ನ ಕಡತಗಳನ್ನು ಹಾಕಬೇಕೋ 64 ಬಿಟ್‌ನವನ್ನೋ ಎಂದು ಇನ್‌ಸ್ಟಾಲರ್ ತೀರ್ಮಾನಿಸುವುದು ಹೀಗೇ. ಪ್ರೋಗ್ರಾಂ ಕುಸಿದುಬಿದ್ದಾಗ ತಯಾರಕರಿಗೆ ಹೋಗುವ ವರದಿಯಲ್ಲೂ ಈ ವಿವರ ಮೊದಲ ಸಾಲುಗಳಲ್ಲೇ ಇರುತ್ತದೆ.

ಪ್ರಶ್ನೆ ಸರಳ. ಉತ್ತರ ಮಾತ್ರ ಅಷ್ಟು ಸರಳವಲ್ಲ. ಆಪರೇಟಿಂಗ್ ಸಿಸ್ಟಮ್‌ಗಳು ತಮ್ಮ ಆವೃತ್ತಿಯ ಬಗ್ಗೆ ಎಷ್ಟೋ ಸಲ ಬೇಕೆಂದೇ ಸುಳ್ಳು ಹೇಳುತ್ತವೆ. ಹಾಗೆ ಹೇಳುವುದಕ್ಕೆ ಒಳ್ಳೆಯ ಕಾರಣವೂ ಇದೆ.

ಮೊದಲು ವಿಚಾರಣೆ ನಡೆಯುವ ಬಗೆ. ಸಾಮಾನ್ಯ ಪ್ರೋಗ್ರಾಂಗೆ ಯಂತ್ರಾಂಶದ ಮೇಲಾಗಲಿ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಸ್ಮೃತಿಯ ಮೇಲಾಗಲಿ ನೇರ ಅಧಿಕಾರವಿಲ್ಲ. ಏನು ಬೇಕಿದ್ದರೂ ಕರ್ನಲ್‌ಗೆ ಅರ್ಜಿ ಹಾಕಬೇಕು. ಈ ಅರ್ಜಿಗೆ ಸಿಸ್ಟಮ್ ಕಾಲ್ ಎಂದು ಹೆಸರು. ಪ್ರೋಗ್ರಾಂ ತನ್ನ ಸ್ಮೃತಿಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟು ಅದರ ವಿಳಾಸವನ್ನು ಕೊಡುತ್ತದೆ, ಕರ್ನಲ್ ಅಲ್ಲಿಗೆ ಉತ್ತರವನ್ನು ಬರೆದು ನಿಯಂತ್ರಣವನ್ನು ಮರಳಿಸುತ್ತದೆ. ಅಂದರೆ ಪ್ರೋಗ್ರಾಂಗೆ ತಿಳಿಯುವುದು ಬಹುಮಟ್ಟಿಗೆ ಕರ್ನಲ್ ಹೇಳಿದ್ದೇ, ಪರೀಕ್ಷಿಸಿ ನೋಡಲು ಬೇರೆ ದಾರಿ ಇರುವುದು ಕಡಿಮೆ.

ಯುನಿಕ್ಸ್ ಪರಂಪರೆಯಲ್ಲಿ ಈ ಕೆಲಸಕ್ಕೆ ಇರುವ ಕರೆ ಯೂನೇಮ್. ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಪ್ರೋಗ್ರಾಮರ್ಸ್ ವರ್ಕ್‌ಬೆಂಚ್ ಎಂಬ ಯುನಿಕ್ಸ್‌ನಲ್ಲಿ ಕಾಣಿಸಿಕೊಂಡು, ಮುಂದೆ ಪೋಸಿಕ್ಸ್ ಮಾನಕದೊಳಗೆ ಸೇರಿ, ಇವತ್ತು ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದರಲ್ಲೂ ಇದು ಉಳಿದುಕೊಂಡಿದೆ. ಯೂನೇಮ್ ಐದು ಸಂಗತಿ ಹೇಳುತ್ತದೆ: ಸಿಸ್ಟಮ್‌ನ ಹೆಸರು, ನೆಟ್‌ವರ್ಕಿನಲ್ಲಿ ಆ ಯಂತ್ರಕ್ಕಿರುವ ಹೆಸರು, ಕರ್ನಲ್‌ನ ಬಿಡುಗಡೆ ಸಂಖ್ಯೆ, ಅದನ್ನು ಕಟ್ಟಿದ ವಿವರ, ಪ್ರೊಸೆಸರ್‌ನ ಜಾತಿ. ಉಬುಂಟು ಹಾಕಿದ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ಯೂನೇಮ್ ಎಂದು ಟೈಪ್ ಮಾಡಿ ಪಕ್ಕಕ್ಕೆ ಒಂದು ಅಡ್ಡಗೆರೆ, ಒಂದು ಚಿಕ್ಕ ಎ ಅಕ್ಷರ ಕೊಟ್ಟರೆ ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ.

ಆ ಸಾಲನ್ನು ಓದಿದವರಿಗೆ ಒಂದು ಕೊರತೆ ಕೂಡಲೇ ಹೊಳೆಯುತ್ತದೆ. ಅಲ್ಲಿ ಹೆಸರಿನ ಜಾಗದಲ್ಲಿರುವುದು 'ಲಿನಕ್ಸ್'. ಉಬುಂಟು, ಫೆಡೋರಾ, ಡೆಬಿಯನ್ ಎಂಬ ವಿತರಣೆಗಳ ಹೆಸರನ್ನು ಹೇಳಲೆಂದು ಯೂನೇಮ್‌ನಲ್ಲಿ ಪ್ರತ್ಯೇಕ ಜಾಗವಿಲ್ಲ. ಕರ್ನಲ್‌ಗೆ ಗೊತ್ತಿರುವುದು ತನ್ನ ಬಗ್ಗೆ, ತನ್ನ ಸುತ್ತ ಯಾರು ಏನೇನು ಸೇರಿಸಿ ಹಂಚಿದ್ದಾರೆ ಎಂಬುದು ಅದಕ್ಕೆ ಸಂಬಂಧಪಡದ ವಿಷಯ. ಹಾಗಾಗಿ ಒಂದು ಕಾಲದಲ್ಲಿ ಪ್ರತಿ ವಿತರಣೆಯೂ ತನ್ನ ಹೆಸರನ್ನು ತನಗೆ ತೋಚಿದ ಕಡತದಲ್ಲಿ ಬರೆದಿಡುತ್ತಿತ್ತು. ರೆಡ್ ಹ್ಯಾಟ್‌ನದು ಒಂದು ಕಡತ, ಡೆಬಿಯನ್‌ನದು ಇನ್ನೊಂದು, ಸೂಸೆಯದು ಮತ್ತೊಂದು. ಪ್ರೋಗ್ರಾಂಗಳು ಒಂದೊಂದನ್ನೇ ತಡಕಬೇಕಿತ್ತು. 2012ರಲ್ಲಿ ಸಿಸ್ಟಮ್‌ಡಿ ಯೋಜನೆಯವರು ಓಎಸ್-ರಿಲೀಸ್ ಎಂಬ ಒಂದೇ ಕಡತದ ಪದ್ಧತಿ ತಂದರು. ಇಟಿಸಿ ಫೋಲ್ಡರಿನಲ್ಲಿರುವ ಈ ಪುಟ್ಟ ಪಠ್ಯ ಕಡತದಲ್ಲಿ ವಿತರಣೆಯ ಗುರುತು, ಆವೃತ್ತಿ ಸಂಖ್ಯೆ, ಪೂರ್ಣ ಹೆಸರು ಎಲ್ಲ ಒಂದೊಂದು ಸಾಲಿನಲ್ಲಿರುತ್ತವೆ. ಇಂದು ಪ್ರಮುಖ ವಿತರಣೆಗಳೆಲ್ಲ ಇದನ್ನು ಪಾಲಿಸುತ್ತವೆ.

ಪ್ರೋಗ್ರಾಂ ಒಂದನ್ನು ಅದಕ್ಕೆ ಬೇಕಾದ ಕಡತಗಳ ಸಮೇತ ಪ್ರತ್ಯೇಕವಾಗಿ ಓಡಿಸುವ ಕಂಟೇನರ್‌ಗಳು ಬಂದ ಮೇಲೆ ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಎದ್ದು ಕಾಣತೊಡಗಿತು. ಫೆಡೋರಾ ಯಂತ್ರವೊಂದರ ಮೇಲೆ ಡಾಕರ್ ಮೂಲಕ ಡೆಬಿಯನ್ ಕಂಟೇನರ್ ಓಡಿಸಿದರೆ, ಒಳಗಿನ ಪ್ರೋಗ್ರಾಂಗೆ ಓಎಸ್-ರಿಲೀಸ್ ಕಡತ 'ಡೆಬಿಯನ್' ಎನ್ನುತ್ತದೆ, ಯೂನೇಮ್ ಹೊರಗಿನ ಫೆಡೋರಾದ ಕರ್ನಲ್ ಸಂಖ್ಯೆಯನ್ನು ಕೊಡುತ್ತದೆ. ಇಲ್ಲಿ ಯಾವುದೂ ತಪ್ಪಲ್ಲ. ಕಂಟೇನರ್‌ಗೆ ಸ್ವಂತ ಕರ್ನಲ್ ಇಲ್ಲ, ಹೊರಗಿನದನ್ನೇ ಅದು ಹಂಚಿಕೊಂಡಿರುತ್ತದೆ.

ವಿಂಡೋಸ್‌ನ ಕಥೆ ಇದಕ್ಕಿಂತ ಸ್ವಾರಸ್ಯಕರ, ಅದು ಶುರುವಾಗುವುದು ವಿಂಡೋಸ್‌ಗೂ ಹಿಂದಿನ ಆಪರೇಟಿಂಗ್ ಸಿಸ್ಟಮ್ ಆದ ಡಾಸ್‌ನಿಂದ. ಡಾಸ್ 2ರಿಂದ ಆವೃತ್ತಿ ಕೇಳುವ ಸೇವೆಯೊಂದು ಇತ್ತು. ಪ್ರೊಸೆಸರ್‌ನ ಒಂದು ರಿಜಿಸ್ಟರಿನಲ್ಲಿ ಮುಖ್ಯ ಸಂಖ್ಯೆಯನ್ನೂ ಇನ್ನೊಂದರಲ್ಲಿ ಉಪಸಂಖ್ಯೆಯನ್ನೂ ಅದು ಇಟ್ಟುಕೊಡುತ್ತಿತ್ತು. ಕೆಲವು ಪ್ರೋಗ್ರಾಂಗಳು ತಮಗೆ ಪರಿಚಯವಿದ್ದ ಸಂಖ್ಯೆ ಸಿಗದಿದ್ದರೆ ಕೆಲಸ ಮಾಡಲು ನಿರಾಕರಿಸುತ್ತಿದ್ದವು. 1991ರಲ್ಲಿ ಎಂಎಸ್-ಡಾಸ್ 5 ಬಂದಾಗ ಮೈಕ್ರೋಸಾಫ್ಟ್ ಸೆಟ್‌ವರ್ ಎಂಬ ಸಾಧನವನ್ನು ಜೊತೆಗೆ ಕೊಟ್ಟಿತು. ಯಾವ ಪ್ರೋಗ್ರಾಂಗೆ ಯಾವ ಸಂಖ್ಯೆ ಹೇಳಬೇಕು ಎಂಬ ಪಟ್ಟಿ ಅದರಲ್ಲಿತ್ತು. ಪಟ್ಟಿಯಲ್ಲಿರುವ ಪ್ರೋಗ್ರಾಂ ಕೇಳಿದರೆ ಡಾಸ್ 5 ತನ್ನನ್ನು ಹಳೆಯ ಆವೃತ್ತಿ ಎಂದೇ ಪರಿಚಯಿಸಿಕೊಳ್ಳುತ್ತಿತ್ತು. ಸುಳ್ಳಿಗೂ ಒಂದು ಅಧಿಕೃತ ಕೋಷ್ಟಕ!

ಮುಂದಿನ ಘಟ್ಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 16 ಬಿಟ್ ವಿಂಡೋಸ್‌ನ ಗೆಟ್‌ವರ್ಷನ್ ಎಂಬ ಕರೆ ಎರಡು ಬೈಟ್‌ಗಳನ್ನು ಸೇರಿಸಿ ಒಂದೇ ಸಂಖ್ಯೆಯಾಗಿ ಕೊಡುತ್ತಿತ್ತು. ಕೆಳಗಿನ ಬೈಟ್‌ನಲ್ಲಿ ಮುಖ್ಯ ಸಂಖ್ಯೆ, ಮೇಲಿನದರಲ್ಲಿ ಉಪಸಂಖ್ಯೆ. ಸಹಜವಾಗಿ ಯಾರಾದರೂ ಊಹಿಸುವ ಕ್ರಮಕ್ಕೆ ಇದು ತಿರುಗುಮುರುಗು. ಅನೇಕ ಪ್ರೋಗ್ರಾಮರುಗಳು ಎರಡನ್ನೂ ಬಿಡಿಸಿ ನೋಡದೆ ಇಡೀ ಸಂಖ್ಯೆಯನ್ನೇ ಹೋಲಿಸಿಬಿಟ್ಟರು. ವಿಂಡೋಸ್ 3.1 ಒಳಗೆ ತನ್ನನ್ನು 3.10 ಎನ್ನುತ್ತಿತ್ತು. ಬಿಡಿಸದೆ ಓದಿದರೆ ಅದು 10ನ್ನು 256ರಿಂದ ಗುಣಿಸಿ 3 ಕೂಡಿಸಿದಷ್ಟು, ಅಂದರೆ 2563. ವಿಂಡೋಸ್ 95ರ ನಿಜವಾದ ಆವೃತ್ತಿ 4.0. ಅದೇ ರೀತಿಯಲ್ಲಿ ಓದಿದರೆ ಬರುವುದು ಬರೀ 4! ಅಂಥ ಪ್ರೋಗ್ರಾಂಗಳ ಲೆಕ್ಕದಲ್ಲಿ ವಿಂಡೋಸ್ 95 ಎಂಬುದು ವಿಂಡೋಸ್ 3.1ಕ್ಕಿಂತ ಹಳೆಯದಾಗಿಬಿಡುತ್ತಿತ್ತು. ಆದ್ದರಿಂದ 16 ಬಿಟ್ ಪ್ರೋಗ್ರಾಂಗಳು ಕೇಳಿದಾಗ ವಿಂಡೋಸ್ 95 ತಾನು 3.95 ಎಂದು ಹೇಳಿಕೊಂಡಿತು. ಸರಿಯಾಗಿ ಓದಿದರೆ 3.10ಕ್ಕಿಂತ ದೊಡ್ಡದು, ತಪ್ಪಾಗಿ ಓದಿದರೂ 24323, ಆಗಲೂ ದೊಡ್ಡದೇ. ತಪ್ಪು ಬರೆದವರನ್ನೂ ಸರಿ ಬರೆದವರನ್ನೂ ಒಟ್ಟಿಗೆ ಪಾರುಮಾಡಿದ ಜಾಣ ಸಂಖ್ಯೆ ಅದು.

ವಿಂಡೋಸ್ ವಿಸ್ತಾದ ಹೊತ್ತಿಗೆ ಬೇರೊಂದು ಎಡವಟ್ಟು ಕಾದಿತ್ತು. ಎಕ್ಸ್‌ಪಿಯ ಆವೃತ್ತಿ 5.1. 'ಎಕ್ಸ್‌ಪಿ ಅಥವಾ ಅದಕ್ಕಿಂತ ಹೊಸದು' ಎಂದು ಪರೀಕ್ಷಿಸುವಾಗ ಬಹಳ ಮಂದಿ ಮುಖ್ಯ ಸಂಖ್ಯೆ 5 ಅಥವಾ ಹೆಚ್ಚು, ಉಪಸಂಖ್ಯೆ 1 ಅಥವಾ ಹೆಚ್ಚು ಎಂದು ಬರೆದಿದ್ದರು. ವಿಸ್ತಾ 6.0 ಆಗಿ ಬಂತು, ಉಪಸಂಖ್ಯೆ ಸೊನ್ನೆ. ಪರೀಕ್ಷೆಯಲ್ಲಿ ನಪಾಸು. ಅದರ ನಂತರದ ವಿಂಡೋಸ್ 7 ಹೆಸರಿಗೆ ಏಳಾದರೂ ಒಳಗೆ 6.1 ಆಗಿಯೇ ಉಳಿಯಿತು. ಹಳೆಯ ತಂತ್ರಾಂಶಗಳಿಗೆ ತೊಂದರೆಯಾಗದಿರಲಿ ಎಂದೇ ಹೀಗೆ ಮಾಡಿದ್ದಾಗಿ ಮೈಕ್ರೋಸಾಫ್ಟ್ ಆಗ ಹೇಳಿತ್ತು. ವಿಂಡೋಸ್ 8 ಆದದ್ದು 6.2, ವಿಂಡೋಸ್ 8.1 ಆದದ್ದು 6.3.

2013ರಲ್ಲಿ 8.1 ಬಂದಾಗ ಮೈಕ್ರೋಸಾಫ್ಟ್‌ನ ತಾಳ್ಮೆ ಮುಗಿದಂತೆ ಕಾಣುತ್ತದೆ. ಗೆಟ್‌ವರ್ಷನ್‌ಎಕ್ಸ್ ಎಂಬ ಕರೆಯನ್ನು ಇನ್ನು ಬಳಸಬೇಡಿ ಎಂದಿತು. ಬಳಸಿದರೆ ಸಿಗುವ ಉತ್ತರ ಪ್ರೋಗ್ರಾಂನ ಮ್ಯಾನಿಫೆಸ್ಟ್ ಮೇಲೆ ಅವಲಂಬಿತ. ತಾನು ಯಾವ ಯಾವ ವಿಂಡೋಸ್‌ಗಳನ್ನು ಬಲ್ಲೆ ಎಂದು ಪ್ರೋಗ್ರಾಂ ತನ್ನ ಜೊತೆಗೆ ಇಟ್ಟುಕೊಳ್ಳುವ ಘೋಷಣಾ ಪತ್ರವೇ ಮ್ಯಾನಿಫೆಸ್ಟ್. ವಿಂಡೋಸ್ 10ನ್ನು ಬಲ್ಲೆ ಎಂದು ಅದರಲ್ಲಿ ಬರೆದಿದ್ದರೆ 10.0 ಎಂಬ ಉತ್ತರ ಸಿಗುತ್ತದೆ. ಏನೂ ಬರೆಯದಿದ್ದರೆ ಇವತ್ತಿನ ಯಂತ್ರದ ಮೇಲೂ 6.2, ಅಂದರೆ ವಿಂಡೋಸ್ 8 ಎಂಬ ಉತ್ತರವೇ. ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರು ಪಠ್ಯಪುಸ್ತಕದಲ್ಲಿದ್ದಂತೆ ಬರೆದು, ವಿಂಡೋಸ್ 11ರ ಮೇಲೆ ಕುಳಿತು, 'ವಿಂಡೋಸ್ 8' ಎಂಬ ಉತ್ತರ ಕಂಡು ತಲೆ ಕೆರೆದುಕೊಳ್ಳುವುದು ಇದರಿಂದಲೇ. ಮ್ಯಾನಿಫೆಸ್ಟ್‌ನ ಗೊಡವೆಯಿಲ್ಲದೆ ನಿಜ ಹೇಳುವ ಆರ್‌ಟಿಎಲ್‌ಗೆಟ್‌ವರ್ಷನ್ ಎಂಬ ಇನ್ನೊಂದು ಕರೆ ಒಳಪದರದಲ್ಲಿದೆ.

ವಿಂಡೋಸ್ 11 ಇನ್ನೊಂದು ಗಂಟು ಹಾಕಿತು. 2021ರಲ್ಲಿ ಬಂದ ಅದರ ಒಳಗಿನ ಆವೃತ್ತಿಯೂ 10.0. ಹತ್ತಕ್ಕೂ ಹನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗುವುದು ಒಳಗಿನ ಬಿಡುಗಡೆಯ ಕ್ರಮಸಂಖ್ಯೆಯಾದ ಬಿಲ್ಡ್ ಸಂಖ್ಯೆಯಿಂದ ಮಾತ್ರ: 22000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹನ್ನೊಂದು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಪ್ರಾಡಕ್ಟ್‌ನೇಮ್ ಎಂಬ ನಮೂದನ್ನು ಓದಿ ಹೆಸರು ತೋರಿಸೋಣ ಎಂದುಕೊಂಡವರಿಗೆ ಅಲ್ಲೂ ನಿರಾಸೆ. ವಿಂಡೋಸ್ 11 ಯಂತ್ರದಲ್ಲೂ ಅಲ್ಲಿ 'ವಿಂಡೋಸ್ 10' ಎಂದೇ ಬರೆದಿರುತ್ತದೆ.

ವಿಂಡೋಸ್ 9 ಎಂಬುದು ಯಾಕೆ ಬರಲೇ ಇಲ್ಲ ಎಂಬುದಕ್ಕೂ ಇದೇ ಬಗೆಯ ಒಂದು ಕಥೆ ಚಾಲ್ತಿಯಲ್ಲಿದೆ. ವಿಂಡೋಸ್ 95, 98 ಎರಡನ್ನೂ ಒಂದೇ ಏಟಿಗೆ ಗುರುತಿಸಲು ಹೆಸರು 'ವಿಂಡೋಸ್ 9' ಎಂದು ಶುರುವಾಗುತ್ತದೆಯೇ ಎಂದು ನೋಡುವ ಸಾಲುಗಳು ಜಾವಾ ಪ್ರೋಗ್ರಾಂಗಳಲ್ಲಿ ಇದ್ದದ್ದು ನಿಜ. ಅದಕ್ಕೆ ಹೆದರಿಯೇ ಕಂಪನಿ ಒಂಬತ್ತನ್ನು ಬಿಟ್ಟಿತು ಎಂಬುದನ್ನು ಮೈಕ್ರೋಸಾಫ್ಟ್ ಒಪ್ಪಿಕೊಂಡಿಲ್ಲ. ಕಥೆಯಾಗಿ ಚೆನ್ನಾಗಿದೆ, ಅಷ್ಟೆ.

ಬೇರೆಯವರೇನೂ ಇದರಿಂದ ಪಾರಾಗಿಲ್ಲ. ಹಳೆಯ ಮ್ಯಾಕ್‌ನ ಜೆಸ್ಟಾಲ್ಟ್ ಎಂಬ ಕರೆ ಆವೃತ್ತಿಯ ಕೊನೆಯ ಭಾಗಕ್ಕೆ ಒಂದೇ ಅಂಕಿಯ ಜಾಗ ಇಟ್ಟಿತ್ತು. 2007ರಲ್ಲಿ 10.4.10 ಬಂದಾಗ ಹತ್ತನ್ನು ಹಿಡಿಸುವ ಜಾಗವಿಲ್ಲದೆ ಅದು 10.4.9 ಎಂದೇ ಹೇಳುತ್ತ ಹೋಯಿತು. 2020ರಲ್ಲಿ ಬಿಗ್ ಸರ್ 11 ಆಗಿ ಬಂದಾಗ, ಹಳೆಯ ಸಾಧನಗಳಿಂದ ಕಟ್ಟಿದ ಪ್ರೋಗ್ರಾಂಗಳಿಗೆ ಆಪಲ್ ಅದನ್ನು 10.16 ಎಂದು ಹೇಳಿಸಿತು. ಲಿನಕ್ಸ್ ಕರ್ನಲ್ 2011ರಲ್ಲಿ 2.6ರ ಸರಣಿಯಿಂದ ಒಮ್ಮೆಲೇ 3.0ಕ್ಕೆ ಹಾರಿದಾಗ ಸಂಖ್ಯೆ 2.6 ಎಂದೇ ಶುರುವಾಗಬೇಕು ಎಂದು ನಂಬಿದ್ದ ಪ್ರೋಗ್ರಾಂಗಳು ಮುಗ್ಗರಿಸಿದವು. ಅವಕ್ಕಾಗಿ ಕರ್ನಲ್‌ನಲ್ಲಿ ಒಂದು ವಿಶೇಷ ಸ್ಥಿತಿಯನ್ನು ಸೇರಿಸಲಾಯಿತು. ಅದನ್ನು ಆನ್ ಮಾಡಿದರೆ 3.0 ತನ್ನನ್ನು 2.6.40 ಎಂದು ಹೇಳಿಕೊಳ್ಳುತ್ತದೆ. ಅದೇ ಬದಲಾವಣೆಯಿಂದ ಪೈಥಾನ್‌ನಲ್ಲೂ ಒಂದು ತಮಾಷೆಯಾಯಿತು. ಅದುವರೆಗೆ 'ಲಿನಕ್ಸ್2' ಎನ್ನುತ್ತಿದ್ದ ಅದರ ಪ್ಲಾಟ್‌ಫಾರ್ಮ್ ಹೆಸರು, ಹೊಸ ಕರ್ನಲ್ ಮೇಲೆ ಕಟ್ಟಿದಾಗ 'ಲಿನಕ್ಸ್3' ಆಯಿತು. ಪೈಥಾನ್ 3.3ರಿಂದ ಸಂಖ್ಯೆಯನ್ನೇ ಕಿತ್ತುಹಾಕಿ ಬರೀ 'ಲಿನಕ್ಸ್' ಮಾಡಿದರು.

ಈ ಎಡವಟ್ಟುಗಳ ಜೊತೆಗೆ ತೀರಾ ಸಾಮಾನ್ಯವಾದ ಇನ್ನೊಂದನ್ನೂ ಹೇಳಬೇಕು. ಆವೃತ್ತಿಯನ್ನು ಅಕ್ಷರಗಳ ಸಾಲಾಗಿ ಹೋಲಿಸಿದರೆ '10' ಎಂಬುದು '9'ಕ್ಕಿಂತ ಚಿಕ್ಕದು, ಯಾಕೆಂದರೆ ಮೊದಲ ಅಕ್ಷರ 1 ಎಂಬುದು 9ಕ್ಕಿಂತ ಮೊದಲು ಬರುತ್ತದೆ. ಚುಕ್ಕಿಯ ಜಾಗದಲ್ಲಿ ಒಡೆದು, ಪ್ರತಿ ತುಂಡನ್ನೂ ಸಂಖ್ಯೆಯಾಗಿ ಮಾಡಿಕೊಂಡು, ಎಡದಿಂದ ಒಂದೊಂದಾಗಿ ಹೋಲಿಸುವುದೇ ಸರಿಯಾದ ದಾರಿ.

ಈಗಿನ ಪ್ರೋಗ್ರಾಮರುಗಳು ಕರ್ನಲ್‌ನ ಕರೆಗಳನ್ನು ನೇರವಾಗಿ ಬಳಸುವುದು ಅಪರೂಪ, ಭಾಷೆಗಳೇ ಈ ಕೆಲಸ ಮಾಡಿಕೊಡುತ್ತವೆ. ಪೈಥಾನ್‌ನಲ್ಲಿ ಪ್ಲಾಟ್‌ಫಾರ್ಮ್ ಎಂಬ ಮಾಡ್ಯೂಲ್ ಇದೆ, ಜಾವಾದಲ್ಲಿ ಸಿಸ್ಟಮ್ ಪ್ರಾಪರ್ಟಿಗಳಿವೆ, ಡಾಟ್‌ನೆಟ್‌ನಲ್ಲಿ ಎನ್ವಿರಾನ್‌ಮೆಂಟ್ ಎಂಬ ಕ್ಲಾಸ್ ಇದೆ. ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತದೆ. ಆದರೆ ಅವೂ ಕೊನೆಗೆ ಕೇಳುವುದು ಅದೇ ಕರೆಗಳನ್ನು. ಡಾಟ್‌ನೆಟ್ 2020ರಲ್ಲಿ ಅದರ 5ನೇ ಆವೃತ್ತಿ ಬರುವವರೆಗೂ ಮ್ಯಾನಿಫೆಸ್ಟ್ ಇಲ್ಲದ ಪ್ರೋಗ್ರಾಂಗಳಿಗೆ 6.2 ಎಂದೇ ಹೇಳುತ್ತಿತ್ತು. ಪೈಥಾನ್‌ನದೇ ಒಂದು ವಿಚಿತ್ರವೆಂದರೆ 64 ಬಿಟ್ ವಿಂಡೋಸ್ ಮೇಲೂ ಅದರ ಪ್ಲಾಟ್‌ಫಾರ್ಮ್ ಹೆಸರು 'ವಿನ್32'.

ಪ್ರೊಸೆಸರ್‌ನ ವಿಷಯದಲ್ಲೂ ಇಂಥದೇ ಮುಸುಕು. 64 ಬಿಟ್ ವಿಂಡೋಸ್ ಮೇಲೆ ಓಡುವ 32 ಬಿಟ್ ಪ್ರೋಗ್ರಾಂಗೆ ಇಡೀ ಯಂತ್ರವೇ 32 ಬಿಟ್ ಎನ್ನುವಂತೆ ತೋರಿಸಲಾಗುತ್ತದೆ. ಸಿಸ್ಟಮ್32 ಫೋಲ್ಡರ್ ತೆರೆದರೆ ಅದಕ್ಕೆ ಕಾಣುವುದೂ ಬೇರೆಯದೇ ಫೋಲ್ಡರ್. ನಿಜಸ್ಥಿತಿ ಬೇಕಿದ್ದರೆ ಗೆಟ್‌ನೇಟಿವ್‌ಸಿಸ್ಟಮ್‌ಇನ್ಫೋ ಎಂಬ ಪ್ರತ್ಯೇಕ ಕರೆ ಮಾಡಬೇಕು. ಆಪಲ್‌ನ ಎಂ ಸರಣಿಯ ಚಿಪ್‌ಗಳಿರುವ ಮ್ಯಾಕ್‌ಗಳಲ್ಲಿ ರೊಸೆಟ್ಟಾ 2 ಮೂಲಕ ಓಡುವ ಹಳೆಯ ಪ್ರೋಗ್ರಾಂಗೆ ತಾನು ಇಂಟೆಲ್ ಯಂತ್ರದ ಮೇಲಿದ್ದೇನೆ ಎಂಬ ನಂಬಿಕೆಯೇ ಇರುತ್ತದೆ.

ಸ್ಮೃತಿಯ ಲೆಕ್ಕ ತಪ್ಪಿದರೆ ನಷ್ಟ ಇನ್ನೂ ಹೆಚ್ಚು. ಜಾವಾ ವರ್ಚುವಲ್ ಮಷೀನ್ ಯಂತ್ರದಲ್ಲಿ ಎಷ್ಟು ರ್‍ಯಾಮ್ ಇದೆ ಎಂದು ನೋಡಿ, ಬೇರೆ ಸೂಚನೆ ಇಲ್ಲದಿದ್ದರೆ ಅದರ ಕಾಲುಭಾಗದವರೆಗೆ ತಾನು ಬಳಸಬಹುದು ಎಂದುಕೊಳ್ಳುತ್ತದೆ. 64 ಜಿಬಿ ಸರ್ವರಿನ ಮೇಲೆ ಒಂದು ಕಂಟೇನರ್‌ಗೆ 1 ಜಿಬಿ ಮಿತಿ ಹಾಕಿದ್ದರೂ ಹಳೆಯ ಜಾವಾಕ್ಕೆ ಕಾಣುತ್ತಿದ್ದುದು 64 ಜಿಬಿಯೇ. ಅದು 16 ಜಿಬಿಯವರೆಗೆ ಬೆಳೆಯಲು ಹೊರಡುತ್ತಿತ್ತು, 1 ಜಿಬಿ ದಾಟುತ್ತಿದ್ದಂತೆ ಕರ್ನಲ್ ಅದನ್ನು ಕೊಂದುಹಾಕುತ್ತಿತ್ತು. ಕಾರಣ ತಿಳಿಯದೆ ಸರ್ವರ್ ನೋಡಿಕೊಳ್ಳುವವರು ಪೇಚಾಡುತ್ತಿದ್ದರು. 2018ರ ಜಾವಾ 10ರಲ್ಲಿ ಕಂಟೇನರ್‌ನ ಮಿತಿಯನ್ನು ಓದುವ ವ್ಯವಸ್ಥೆ ಬಂತು, ನಂತರ ಅದನ್ನು ಜಾವಾ 8ಕ್ಕೂ ಸೇರಿಸಿದರು.

ಹಾಗಾದರೆ ಪ್ರೋಗ್ರಾಂ ಬರೆಯುವವರು ಮಾಡಬೇಕಾದ್ದೇನು? ಅನುಭವಿಗಳ ಮಾತು ಬಹುಮಟ್ಟಿಗೆ ಒಂದೇ: ಹೆಸರು ಕೇಳಬೇಡಿ, ಬೇಕಾದ ಸೌಲಭ್ಯ ಇದೆಯೇ ಎಂದು ಕೇಳಿ. ಒಂದು ಫಂಕ್ಷನ್ ಬೇಕಿದ್ದರೆ ಅದು ಲೈಬ್ರರಿಯಲ್ಲಿ ಇದೆಯೇ ಎಂದು ಓಡುವ ಹೊತ್ತಿನಲ್ಲೇ ಹುಡುಕಬಹುದು. ಒಂದು ಸಿಸ್ಟಮ್ ಕಾಲ್ ಬೇಕಿದ್ದರೆ ಮಾಡಿಯೇ ನೋಡಬಹುದು, ಇಲ್ಲದಿದ್ದರೆ ಲಿನಕ್ಸ್ ಅದಕ್ಕೆಂದೇ ಇರುವ ದೋಷಸಂಖ್ಯೆಯನ್ನು ಮರಳಿಸುತ್ತದೆ. ಆವೃತ್ತಿ ಸಂಖ್ಯೆಯಿಂದ ಸೌಲಭ್ಯವನ್ನು ಊಹಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ರೆಡ್ ಹ್ಯಾಟ್‌ನ ವ್ಯಾಪಾರಿ ವಿತರಣೆಗಳೇ ಸಾಕ್ಷಿ. ಅವುಗಳ ಕರ್ನಲ್ ಸಂಖ್ಯೆ ವರ್ಷಗಟ್ಟಲೆ ಹಳೆಯದೇ ಇರುತ್ತದೆ, ಆದರೆ ಹೊಸ ಕರ್ನಲ್‌ಗಳಿಂದ ಎಷ್ಟೋ ಸೌಲಭ್ಯಗಳನ್ನು ತಂದು ಅದರೊಳಗೆ ಸೇರಿಸಿರುತ್ತಾರೆ.

ಕನ್ನಡ ತಂತ್ರಾಂಶಗಳಿಗೆ ಇದು ಒಂದು ಕಾಲದಲ್ಲಿ ದಿನನಿತ್ಯದ ಸಮಸ್ಯೆಯಾಗಿತ್ತು. ವಿಂಡೋಸ್‌ಗೆ ಯುನಿಕೋಡ್ ಕನ್ನಡ, ತುಂಗಾ ಫಾಂಟ್ ಸಮೇತ, ಬಂದದ್ದು ಎಕ್ಸ್‌ಪಿಯಿಂದ. ಅಂದಮೇಲೆ ಆವೃತ್ತಿ 5.1 ಇದ್ದರೆ ಕನ್ನಡ ಸರಿಯಾಗಿ ಮೂಡುತ್ತದೆ ಎಂದು ಪ್ರೋಗ್ರಾಂ ನಂಬಬಹುದಿತ್ತೇ? ಇಲ್ಲ. ಎಕ್ಸ್‌ಪಿಯಲ್ಲಿ ಸಂಕೀರ್ಣ ಲಿಪಿಗಳ ಕಡತಗಳು ತಾವಾಗಿ ಇನ್‌ಸ್ಟಾಲ್ ಆಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ಗೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಿ, ಸಿಡಿಯಿಂದ ಕಡತಗಳನ್ನು ಸೇರಿಸಬೇಕಿತ್ತು. ಹಾಗೆ ಮಾಡದ ಯಂತ್ರದಲ್ಲಿ ಆವೃತ್ತಿ ಅದೇ 5.1, ಕನ್ನಡದ ಜಾಗದಲ್ಲಿ ಮಾತ್ರ ಖಾಲಿ ಚೌಕಗಳು. ಆವೃತ್ತಿಯ ಬದಲು ಇಂಡಿಕ್ ಭಾಷಾ ಗುಂಪು ಇನ್‌ಸ್ಟಾಲ್ ಆಗಿದೆಯೇ ಎಂದು ಕೇಳುವ ಕರೆಯೊಂದು ವಿಂಡೋಸ್‌ನಲ್ಲೇ ಇತ್ತು, ಸರಿಯಾದ ಪ್ರಶ್ನೆ ಅದೇ. ಬಳಕೆದಾರರ ಭಾಷೆಯನ್ನು ತಿಳಿಯಲು ಈಗಲೂ ಬೇರೆಯೇ ಕರೆಗಳಿವೆ. ಕನ್ನಡಕ್ಕೆ ವಿಂಡೋಸ್ ಕೊಟ್ಟಿರುವ ಸಂಖ್ಯೆ 1099. ಲಿನಕ್ಸ್‌ನಲ್ಲಿ ಕನ್ನಡಕ್ಕೆ ಎರಡಕ್ಷರ, ಭಾರತಕ್ಕೆ ಎರಡಕ್ಷರ ಸೇರಿದ ಸಂಕೇತವೊಂದು ಲ್ಯಾಂಗ್ ಎಂಬ ಪರಿಸರ ಚರದಲ್ಲಿ ಸಿಗುತ್ತದೆ.

ಆಂಡ್ರಾಯ್ಡ್ ಈ ಗೊಂದಲವನ್ನು ಮೊದಲೇ ಊಹಿಸಿದಂತೆ ಜನರಿಗೆ ತೋರಿಸುವ ಹೆಸರನ್ನೂ ಪ್ರೋಗ್ರಾಂಗೆ ಕೊಡುವ ಸಂಖ್ಯೆಯನ್ನೂ ಬೇರೆ ಬೇರೆ ಇಟ್ಟಿದೆ. ಆಂಡ್ರಾಯ್ಡ್ 14 ಎಂದರೆ ಪ್ರೋಗ್ರಾಂಗೆ ಎಪಿಐ ಮಟ್ಟ 34, 15 ಎಂದರೆ 35. ಚುಕ್ಕಿಯಿಲ್ಲದ, ಏರುತ್ತಲೇ ಹೋಗುವ ಒಂದು ಪೂರ್ಣಾಂಕ. ಹೋಲಿಸುವಾಗ ತಪ್ಪಲು ಅವಕಾಶವೇ ಇಲ್ಲ. ಎಲ್ಲರೂ ಮೊದಲೇ ಹೀಗೆ ಮಾಡಿದ್ದರೆ ಈ ಲೇಖನದ ಅರ್ಧಭಾಗ ಬೇಕಾಗುತ್ತಿರಲಿಲ್ಲ.

ಬ್ರೌಸರ್‌ಗಳಲ್ಲಿ ಮಾತ್ರ ಸುಳ್ಳಿಗೆ ಬೇರೊಂದು ಉದ್ದೇಶವಿದೆ. ವೆಬ್ ಪುಟ ಕೇಳಿದಾಗ ಬ್ರೌಸರ್ ಯೂಸರ್ ಏಜೆಂಟ್ ಎಂಬ ಒಂದು ಸಾಲು ಕೊಡುತ್ತದೆ, ಅದರಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಹೆಸರೂ ಇರುತ್ತದೆ. ಇಲ್ಲೂ ಹೊಂದಾಣಿಕೆಯ ಸುಳ್ಳುಗಳಿದ್ದವು. 2009ರಲ್ಲಿ ಒಪೆರಾ 10 ಬಂದಾಗ ಎರಡಂಕಿಯ ಆವೃತ್ತಿಯನ್ನು ಓದಲು ಬಾರದ ತಾಣಗಳಿಗಾಗಿ ಆ ಸಾಲಿನ ಆರಂಭದಲ್ಲಿ 9.80 ಎಂದು ಬರೆದುಕೊಂಡಿತ್ತು. ಈಗಿನ ಚಿಂತೆ ಗೌಪ್ಯತೆಯದು. ಆಪರೇಟಿಂಗ್ ಸಿಸ್ಟಮ್‌ನ ನಿಖರ ಆವೃತ್ತಿ, ತೆರೆಯ ಅಳತೆ, ಇರುವ ಫಾಂಟ್‌ಗಳು, ಇಂಥ ಸಣ್ಣಪುಟ್ಟ ವಿವರಗಳನ್ನು ಸೇರಿಸಿದರೆ ಹೆಸರು ಗೊತ್ತಿಲ್ಲದೆಯೂ ಒಬ್ಬ ಬಳಕೆದಾರರನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸಬಹುದು. ಆದ್ದರಿಂದ ಕ್ರೋಮ್ ಈಗ ವಿಂಡೋಸ್ 11ರ ಮೇಲೂ 'ವಿಂಡೋಸ್ ಎನ್‌ಟಿ 10.0' ಎನ್ನುತ್ತದೆ, ಆಂಡ್ರಾಯ್ಡ್‌ನ ಯಾವ ಫೋನಿನ ಮೇಲಿದ್ದರೂ 'ಆಂಡ್ರಾಯ್ಡ್ 10' ಎನ್ನುತ್ತದೆ, ಫೋನಿನ ಮಾದರಿಯ ಜಾಗದಲ್ಲಿ ಒಂದೇ ಒಂದು ಅಕ್ಷರ ಇಡುತ್ತದೆ. ಹೆಚ್ಚಿನ ವಿವರ ಬೇಕಾದ ತಾಣ ಕ್ಲೈಂಟ್ ಹಿಂಟ್ಸ್ ಎಂಬ ಬೇರೆ ದಾರಿಯಲ್ಲಿ ಪ್ರತ್ಯೇಕವಾಗಿ ಕೇಳಬೇಕು.

ತಂತ್ರಾಂಶದ ಸಹಾಯವಾಣಿಗೆ ದೂರು ಬರೆಯುವ ಓದುಗರಿಗೆ ಇದರಲ್ಲಿ ಒಂದು ಉಪಯೋಗವಿದೆ. 'ನನ್ನದು ವಿಂಡೋಸ್' ಎಂದಷ್ಟೇ ಬರೆದರೆ ಅತ್ತಲಿನವರಿಗೆ ಏನೂ ತಿಳಿಯುವುದಿಲ್ಲ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ವಿನ್‌ವರ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಹೆಸರು, ಆವೃತ್ತಿ, ಬಿಲ್ಡ್ ಸಂಖ್ಯೆ ಮೂರೂ ಕಾಣುತ್ತವೆ. ದೂರಿನಲ್ಲಿ ಬಿಲ್ಡ್ ಸಂಖ್ಯೆಯನ್ನು ತಪ್ಪದೆ ಬರೆಯಿರಿ.